ಹಿತ್ತಲ ಬಾಗಿಲಿನ ಸರಪಳಿ

ನಮ್ಮ ನಾಯಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಒಮ್ಮೆ ಓದಿ ನೋಡುತ್ತೇನೆ, ಓದಿದರೆ ಕರೆದಂತಾಗುತ್ತದೆ. ಅವಳು ಸತ್ತ ಮೇಲೆ ಒಂದು ವರ್ಷ ಆ ಹೆಸರು ನನ್ನ ಬಾಯಿಂದ ಹೊರಟಿರಲಿಲ್ಲ. ಕರೆದರೆ ಎಲ್ಲಿ ಬಂದುಬಿಡುತ್ತಾಳೋ ಎಂಬ ಹೆದರಿಕೆಯೋ, ಬರದೇ ಹೋದರೆ ಎಂಬ ಹೆದರಿಕೆಯೋ, ನನಗೇ ಗೊತ್ತಿರಲಿಲ್ಲ.

ನಮ್ಮ ಮನೆ ಬನ್ನಿಮಂಟಪದಲ್ಲಿ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹಿತ್ತಲ ಕಡೆಯ ಕಿಟಕಿಯ ಪಕ್ಕ ನನ್ನ ಹೊಲಿಗೆ ಮೆಷಿನ್ನು. ಹದಿಮೂರು ವರ್ಷ ಅವಳು ಮಲಗಿದ್ದು ಅದರ ಕೆಳಗೆ. ಪೆಡಲ್ ಮೇಲೆ ಕಾಲಿಡುವ ಮೊದಲು ಬಾಲ ಸಿಕ್ಕಿಕೊಂಡೀತೆಂದು ಬಗ್ಗಿ ನೋಡುವುದು ನನಗೆ ರೂಢಿಯಾಗಿತ್ತು. ಈಗಲೂ ಬಗ್ಗಿ ನೋಡುತ್ತೇನೆ. ಕೊನೆಯ ವರ್ಷ ಅವಳಿಗೆ ಕಿವಿ ಮಂದವಾಗಿ, ಎಲ್ಲದಕ್ಕೂ ಎರಡು ಸಲ ಕೂಗಬೇಕಾಗಿತ್ತು. "ಮಹಾರಾಣಿಯವರು ಒಂದೇ ಕೂಗಿಗೆ ಏಳೋದಿಲ್ಲ" ಎಂದು ರೇಗುತ್ತಿದ್ದೆ.

ಮನೆಯಲ್ಲಿ ನಾನು, ನಮ್ಮ ಮನೆಯವರು, ಅವರ ತಾಯಿ. ನಮ್ಮತ್ತೆ ಹಳ್ಳಿಯಿಂದ ಬಂದು ನಲವತ್ತು ವರ್ಷವಾದರೂ ಹಿರಿಯರ ಹಬ್ಬದಲ್ಲಿ ಒಂದಿಷ್ಟೂ ಬದಲಾವಣೆ ಒಪ್ಪದವರು. ಮಹಾಲಯ ಅಮಾವಾಸ್ಯೆಯ ದಿನ ಹಾಲ್‌ನಲ್ಲಿ ಮಾವನವರ ಫೋಟೊ ಇಟ್ಟು, ಅದರ ಮುಂದೆ ಬಾಳೆಲೆಯಲ್ಲಿ ಬಾಡು, ಮುದ್ದೆ, ವಡೆ, ಕಜ್ಜಾಯ, ಪಕ್ಕದಲ್ಲಿ ಒಂದು ಕಟ್ಟು ಬೀಡಿ ಎಡೆ ಇಡುತ್ತೇವೆ. ಧೂಪ ಹಾಕಿ, ಬಾಗಿಲು ಮುಚ್ಚಿ, ವರಾಂಡದಲ್ಲಿ ಬಂದು ಕೂರುತ್ತೇವೆ. ಅಷ್ಟು ಹೊತ್ತು ಯಾರೂ ಮಾತಾಡುವಂತಿಲ್ಲ, ಏಳುವಂತಿಲ್ಲ. ಸದ್ದಾದರೆ ಬಂದವರು ಅರ್ಧ ಊಟಕ್ಕೇ ಎದ್ದು ಹೋಗುತ್ತಾರಂತೆ. ಆಮೇಲೆ ಅತ್ತೆ ಕೆಮ್ಮಿ, ಬಾಗಿಲು ತಟ್ಟಿ, ತೆಗೆಯುತ್ತಾರೆ.

"ನಾಯಿ ಒಳಗಿದ್ರೆ ಇರೀಕ್ರು ಒಳಿಕ್ಕೆ ಬರಾಕಿಲ್ಲ ಕಣಮ್ಮ, ಕಟ್ಬುಡು" ಎಂದು ಪ್ರತಿ ವರ್ಷ ಹೇಳುವರು. ಪ್ರತಿ ವರ್ಷ ನಾನು ಅವಳನ್ನು ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಕೊಕ್ಕೆಗೆ ಸರಪಳಿ ಹಾಕಿ ಕಟ್ಟುತ್ತಿದ್ದೆ. ಬಾಡಿನ ವಾಸನೆಗೆ ಅವಳು ಊರಿಗೆಲ್ಲ ಕೇಳುವ ಹಾಗೆ ಕುಂಯ್‌ಗುಟ್ಟುವಳು. ಎಡೆ ಎತ್ತಿದ ಕೂಡಲೇ ಮೊದಲ ಮೂಳೆ ಅವಳಿಗೇ ಹೋಗುತ್ತಿತ್ತು.

ಹೋದ ವರ್ಷದ ಹಬ್ಬಕ್ಕೆ ಎರಡು ದಿನದಿಂದ ಅವಳು ಸರಿಯಾಗಿ ತಿಂದಿರಲಿಲ್ಲ. ವಯಸ್ಸಾಯಿತು, ಹಬ್ಬ ಕಳೆಯಲಿ, ಡಾಕ್ಟರ ಹತ್ತಿರ ಹೋಗೋಣ ಎಂದುಕೊಂಡೆ. ಕಟ್ಟುವಾಗ ನನ್ನ ಸೀರೆಯ ನೆರಿಗೆಗೆ ಮೂತಿ ಒತ್ತಿ ನಿಂತಳು. "ಬಿಡೆ, ಮಡಿ ಸೀರೆ" ಎಂದೆ. ನಾನು ಎಲೆಗೆ ಬಡಿಸುತ್ತಿರುವಾಗ ಹಿತ್ತಲಿಂದ ಕೂಗಿದಳು. ಬಾಗಿಲ ತನಕ ಹೋಗಿ, "ಸುಮ್ನಿರೆ, ನಿಂಗೂ ಹಾಕ್ತೀನಿ" ಎಂದು ಗದರಿ, ಅವಳ ಮುಖಕ್ಕೇ ಬಾಗಿಲು ಹಾಕಿಕೊಂಡು ಬಂದೆ.

ನಾವು ವರಾಂಡದಲ್ಲಿ ಕೂತಿದ್ದಾಗ ಇನ್ನೆರಡು ಸಲ ಕೂಗಿದಳು. ಎರಡನೆಯದು ಉದ್ದವಾಗಿತ್ತು. ಆಮೇಲೆ ನಿಂತಿತು. ಪರವಾಗಿಲ್ಲ, ಜಾಣೆ, ಸುಮ್ಮನಾದಳು ಎಂದು ಮನಸ್ಸಿನಲ್ಲೇ ಹೊಗಳಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ. ಮೂಳೆ ಹಿಡಿದು ಹಿತ್ತಲಿಗೆ ಹೋದರೆ, ಸರಪಳಿ ಬಾಗಿಲಿನ ಕಡೆಗೆ ಪೂರ್ತಿ ಎಳೆದುಕೊಂಡಿತ್ತು. ಹೊಸ್ತಿಲಿಗೆ ಒಂದು ಮೊಳ ದೂರದಲ್ಲಿ ಅವಳು ಮಲಗಿದ್ದಳು. ಮೈ ಇನ್ನೂ ಬೆಚ್ಚಗಿತ್ತು. ಸತ್ತವರು ಬಂದು ಉಣ್ಣಲಿ ಎಂದು ನಾವು ಉಸಿರು ಬಿಗಿಹಿಡಿದು ಕೂತಿದ್ದ ಹೊತ್ತಿನಲ್ಲಿ, ಬದುಕಿದ್ದವಳು ನನ್ನನ್ನು ಕರೆದು ಕರೆದು ಹೋಗಿದ್ದಳು.

ಹಿತ್ತಲ ಕರಿಬೇವಿನ ಗಿಡದ ಬುಡದಲ್ಲಿ ಅವಳನ್ನು ಮಣ್ಣು ಮಾಡಿದೆವು. ಅಂದಿನಿಂದ ಆ ಗಿಡದ ಎಲೆ ಕಿತ್ತಿಲ್ಲ. ಹಿತ್ತಲಲ್ಲಿ ಗಿಡ ಇಟ್ಟುಕೊಂಡು ಮಾರ್ಕೆಟ್ಟಿನಿಂದ ಕರಿಬೇವು ತರುವ ಹೆಂಗಸೆಂದು ಬೀದಿಯಲ್ಲಿ ನಗುತ್ತಾರೆ, ನಗಲಿ. ಎದುರುಮನೆಯಾಕೆ, "ನಾಯಿಗೆ ಇಷ್ಟೊಂದಾ? ಇನ್ನೊಂದು ಮರಿ ತಂದ್ರಾಯ್ತು ಬಿಡಿ" ಎಂದರು. "ನಿಮ್ಮ ಯಜಮಾನ್ರು ಹೋದ್ರೆ ನೀವೂ ಇನ್ನೊಬ್ರನ್ನ ತಂದ್ಕೊಳ್ತೀರಾ?" ಎಂದುಬಿಟ್ಟೆ. ಅವರು ಈಗ ನನ್ನ ಹತ್ತಿರ ಬ್ಲೌಸ್ ಹೊಲಿಸುವುದಿಲ್ಲ.

ಸರಪಳಿಯನ್ನು ಮಾತ್ರ ಕೊಕ್ಕೆಯಿಂದ ತೆಗೆಯಲಾಗಲಿಲ್ಲ. ರಾತ್ರಿ ಹನ್ನೊಂದು ಗಂಟೆ ಹೊತ್ತಿಗೆ, ಬೀದಿಯ ಸದ್ದಡಗಿದಾಗ, ಅದು ಕಲ್ಲಿನ ಮೇಲೆ ಎಳೆದಾಡುವ ಸದ್ದು ಕೇಳಿಸುತ್ತಿತ್ತು. ಮೆಷಿನ್ ನಿಲ್ಲಿಸಿ ಕಿವಿಗೊಟ್ಟರೆ ನಿಲ್ಲುವುದು, ಹೊಲಿಯಲು ಕೂತರೆ ಮತ್ತೆ. ಎದ್ದು ಹೋಗಿ ನೋಡಿದರೆ ಸರಪಳಿ ಇದ್ದಲ್ಲೇ ಇರುತ್ತಿತ್ತು. ನಮ್ಮ ಮನೆಯವರು ಗಾಳಿ ಎಂದರು. ಗಾಳಿಗೆ ಅಲ್ಲಾಡುವ ತೂಕದ್ದಲ್ಲ ಅದು.

ಅತ್ತೆಯ ಮೇಲೆ ನನಗೆ ವರ್ಷವಿಡೀ ಒಳಗೊಳಗೇ ಕೋಪ. ಕಟ್ಟು ಎಂದವರು ಅವರು. ಕಟ್ಟಿದವಳು ನಾನು ಎಂಬುದು ನೆನಪಾದಾಗ ಕೋಪ ಇನ್ನೂ ಹೆಚ್ಚಾಗುತ್ತಿತ್ತು. ಒಂದು ಮಾತು ಹೇಳಬೇಕು. ದಸರೆಯ ಪಂಜಿನ ಕವಾಯತಿನ ಸಂಜೆ ಮೈದಾನದಲ್ಲಿ ಪಟಾಕಿ ಶುರುವಾದರೆ ಅವಳು ಓಡಿಹೋಗಿ ಅತ್ತೆಯ ಮಂಚದ ಕೆಳಗೇ ಸೇರಿಕೊಳ್ಳುತ್ತಿದ್ದಳು. ನಾಯಿ ಕೂದಲೆಂದರೆ ಸಿಡಿಮಿಡಿಗೊಳ್ಳುವ ಅತ್ತೆ ಅವತ್ತೊಂದು ದಿನ ಸುಮ್ಮನಿರುವರು. ಅವಳು ಸತ್ತ ಹತ್ತು ದಿನಕ್ಕೇ ಕವಾಯತು ಬಂತು. ಪಟಾಕಿ ಸಿಡಿಯುವಾಗ ಅವರ ಕೋಣೆಗೆ ಇಣುಕಿದೆ. ಗೋಡೆಯ ಕಡೆ ತಿರುಗಿ ಮಲಗಿದ್ದರು, ಒಂದು ಕೈ ಮಾತ್ರ ಹಿಂದಕ್ಕೆ ಚಾಚಿ ಮಂಚದ ಕೆಳಗೆ ಇಳಿಬಿದ್ದಿತ್ತು. ನಿದ್ದೆಯೋ ಎಚ್ಚರವೋ ತಿಳಿಯದೆ ಹಿಂದಕ್ಕೆ ಬಂದೆ.

ಈ ವರ್ಷದ ಹಬ್ಬ ಬಂತು. ಅವಳಿಗೂ ಒಂದು ಎಲೆ ಹಾಕಬೇಕೆಂದು ಒಂದು ವಾರದಿಂದ ಮನಸ್ಸಿನಲ್ಲಿತ್ತು, ಕೇಳಲು ಬಾಯಿ ಬರಲಿಲ್ಲ. ಮನುಷ್ಯರ ಎಡೆಯ ಪಕ್ಕ ನಾಯಿಯ ಎಡೆಯೇ ಎಂದು ಅತ್ತೆ ರಂಪ ಮಾಡಿದರೆ, ನನ್ನೊಳಗಿನದೆಲ್ಲ ಹೊರಗೆ ಬಂದುಬಿಡುತ್ತದೆ. ಆಮೇಲೆ ಒಂದೇ ಮನೆಯಲ್ಲಿ ನಾವಿಬ್ಬರೂ ಬಾಳುವುದು ಕಷ್ಟ. ಬಾಡು ಬೆಂದಿತು. ಒಂದು ಹೆಚ್ಚಿನ ಬಾಳೆಲೆಯನ್ನು ಸುಮ್ಮನೆ ಸೆರಗಿನಿಂದ ಒರೆಸುತ್ತಾ ನಿಂತಿದ್ದೆ.

ಅತ್ತೆ ಅಡುಗೆಮನೆಗೆ ಬಂದರು. ಕೈಯಲ್ಲಿ ಅವಳ ನೆಗ್ಗಿದ ಅಲ್ಯೂಮಿನಿಯಂ ತಟ್ಟೆ. ನಾನು ವರ್ಷವಿಡೀ ಹುಡುಕಿ ಕೈಬಿಟ್ಟಿದ್ದ ತಟ್ಟೆ ಅವರ ಟ್ರಂಕಿನಲ್ಲಿತ್ತು.

"ಎಲೆ ಮ್ಯಾಲೆ ಉಣ್ಣಾಕೆ ಅದಕ್ಕೇನು ಗೊತ್ತು? ಇದ್ರಲ್ಲೇ ಆಕು" ಎಂದರು. ನಾನು ಎಲೆ ಕೆಳಗಿಟ್ಟೆ. ಅವರೇ ಪಾತ್ರೆಯಿಂದ ಮೂಳೆ ಆರಿಸಿ ಹಾಕಿದರು. ನನ್ನ ಮುಖ ನೋಡದೆ ಹೇಳಿದರು: "ಅವತ್ತು ಅದು ಕೂಗಿದ್ದು ಬಾಡಿಗಲ್ಲ. ನಂಗೆ ಗೊತ್ತಾಯ್ತು ಕಣಮ್ಮ. ಊರಲ್ಲಿ ಎಷ್ಟ್ ನಾಯಿ ಸತ್ತಿದ್ ಕೇಳಿಲ್ಲ ನಾನು? ಎದ್ರೆ ನಿಮ್ಮಾವ ಅರ್ಧಕ್ಕೇ ಎದ್ದೋಯ್ತಾರೆ ಅಂತ ಕೂತ್ಬುಟ್ಟೆ."

ಬೈಯಬೇಕೆಂದು ವರ್ಷವಿಡೀ ಕೂಡಿಟ್ಟ ಮಾತುಗಳೆಲ್ಲ ಎಲ್ಲಿಗೆ ಹೋದವೋ. ನಾನು ಅತ್ತುಬಿಟ್ಟೆ, ಅವರು ಒಲೆಯ ಹೊಗೆಗೆಂಬಂತೆ ಕಣ್ಣೊರೆಸಿಕೊಂಡರು. ನಮ್ಮದು ಗ್ಯಾಸ್ ಒಲೆ.

ಮಾವನ ಎಲೆಯ ಪಕ್ಕದಲ್ಲೇ ತಟ್ಟೆ ಇಟ್ಟರು. ಧೂಪ ಹಾಕಿದ ಮೇಲೆ, "ಇತ್ಲು ಬಾಗ್ಲು ತೆಗ್ದೇ ಇರ್ಲಿ" ಎಂದರು. ನಾನು ಹಿತ್ತಲಿಗೆ ಹೋಗಿ ಸರಪಳಿಯನ್ನೂ ಕೊಕ್ಕೆಯಿಂದ ಬಿಚ್ಚಿ, ಕಲ್ಲಿನ ಮೇಲೆ ಸುತ್ತಿಟ್ಟು ಬಂದೆ.

ಮೂವರೂ ವರಾಂಡದಲ್ಲಿ ಕೂತೆವು. ಮುಚ್ಚಿದ ಬಾಗಿಲಿನ ಆಚೆ ಏನೂ ಸದ್ದಿಲ್ಲ. ಪ್ರತಿ ದಿನ ಕೇಳುತ್ತಿದ್ದ ಸರಪಳಿ ಕೂಡ ಕೇಳಲಿಲ್ಲ. ಹಿತ್ತಲ ಬಾಗಿಲು ತೆರೆದಿದ್ದರೂ ಅವಳು ಹೊಸ್ತಿಲ ಆಚೆಯೇ, ಮುಂಗಾಲು ಚಾಚಿ, ಒಳಗೆ ಬರಬಹುದೋ ಬಾರದೋ ಎಂದು ನೋಡುತ್ತಾ ನಿಂತಿದ್ದಾಳೆ ಅನ್ನಿಸಿತು. ಹೋದ ವರ್ಷ ಗದರಿದ್ದೆನಲ್ಲ. ನನಗೆ ತಡೆಯಲಾಗಲಿಲ್ಲ. ಹಬ್ಬದ ಕಟ್ಟಳೆ ಮುರಿದು, ಜೋರಾಗಿ, ಅವಳ ಹೆಸರು ಹಿಡಿದು ಕರೆದೆ.

ನಮ್ಮ ಮನೆಯವರು ಗಾಬರಿಯಿಂದ ತಾಯಿಯ ಮುಖ ನೋಡಿದರು. ಅತ್ತೆ ಬಾಗಿಲಿನಿಂದ ಕಣ್ಣು ಕೀಳಲಿಲ್ಲ.

"ಇನ್ನೊಂದ್ಸಲ ಕೂಗು. ಅದಕ್ಕೆ ಕಿವಿ ಮಂದ" ಎಂದರು.