ಸುಡದ ಕೈ

ಸಂತೆಯ ದಿನ ಹಿರೇಕೆರೂರಿನ ಕರಬಸಪ್ಪನ ಖಾನಾವಳಿಯಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಗೋವಿನಜೋಳ ಮಾರಿ ಬಂದವರು ಅರ್ಧ ಊಟಕ್ಕೆ, ಇನ್ನರ್ಧ ರೊಟ್ಟಿ ಬಡಿಯುವ ಸಾವಂತ್ರವ್ವನನ್ನು ನೋಡಲಿಕ್ಕೆ ಬರುತ್ತಾರೆಂದು ಅವನು ನಗುತ್ತಿದ್ದ. ಕಾದ ಹಂಚಿನಿಂದ ರೊಟ್ಟಿಯನ್ನು ಅವಳು ಬರಿಗೈಯಲ್ಲೇ ಎತ್ತುತ್ತಿದ್ದಳು.

ಹುಟ್ಟಿನಿಂದ ಅವಳು ಅಂಥ ಗಟ್ಟಿಗಿತ್ತಿಯಲ್ಲ. ತವರು ಆಡೂರಿನಲ್ಲಿ ಅವಳನ್ನು ಬಹಳ ಸೂಕ್ಷ್ಮದವಳು ಅನ್ನುತ್ತಿದ್ದರು. ಯಾರಾದರೂ ದನಿ ಏರಿಸಿದರೆ ಸಾಕು, ಕಣ್ಣು ತುಂಬುತ್ತಿತ್ತು. ಗಂಡ ತೀರಿಕೊಂಡ ಮೇಲೆ ಈ ಒಲೆಯೇ ಅನ್ನ ಕೊಟ್ಟಿತು. ಬರುಬರುತ್ತ ಬೆಂಕಿ ಸುಡುವುದು ನಿಂತಿತು. ರೊಟ್ಟಿ ಬಡಿಯುವವರಲ್ಲಿ ಇದಕ್ಕೆ ಕೈ ಪಳಗಿತು ಎನ್ನುತ್ತಾರೆ. ಜನ ಹೊಗಳಿದರು, ಅವಳೂ ನಂಬಿದಳು.

ಆರೋಗ್ಯ ತಪಾಸಣೆಗೆ ಬಂದ ಆಶಾ ಕಾರ್ಯಕರ್ತೆ ಫರ್ಹತ ನಂಬಲಿಲ್ಲ. ಮುಂಗೈ ಮೇಲಿನ ಬಿಳಚು ಮಚ್ಚೆ, ಕಿರುಬೆರಳಿನ ಬೊಬ್ಬೆ ಕಂಡವಳೇ ಸಾವಂತ್ರವ್ವನನ್ನು ಹಿತ್ತಲ ಕಟ್ಟೆಗೆ ಕರೆದೊಯ್ದಳು. ಕಣ್ಣು ಮುಚ್ಚಿಕೊಂಡು, ಪೆನ್ನಿನ ತುದಿ ತಾಗಿದಾಗಲೆಲ್ಲ ಹೂಂ ಅನ್ನಬೇಕೆಂದಳು.

ಕಣ್ಣು ಮುಚ್ಚಿದ ಸಾವಂತ್ರವ್ವನಿಗೆ ಈ ಪರೀಕ್ಷೆ ಯಾವ ರೋಗಕ್ಕೆಂದು ಹೊಳೆಯಿತು. ಅವಳು ಚಿಕ್ಕವಳಿದ್ದಾಗ ಓಣಿಯ ಮುದುಕಿಯೊಬ್ಬಳಿಗೆ ಕುಷ್ಠವೆಂದು ದನದ ಕೊಟ್ಟಿಗೆಯಲ್ಲಿ ಬೇರೆ ತಾಟು ಇಟ್ಟಿದ್ದರು. ಆ ಹೆಸರು ಹೊರಬಿದ್ದರೆ ತಾನು ಬಡಿದ ರೊಟ್ಟಿಯನ್ನು ಯಾರು ತಿಂದಾರು?

ಮಚ್ಚೆಯ ಮೇಲೆ ಪೆನ್ನು ತಾಗಿದ್ದು ಅವಳಿಗೆ ತಿಳಿಯಲಿಲ್ಲ. ಆದರೆ ಫರ್ಹತಳ ಕೈ ಆಡಿದಾಗ ಗಾಜಿನ ಬಳೆ ಕಿಣಿ ಎಂದಿತು.

"ಹೂಂ," ಸಾವಂತ್ರವ್ವ ಅಂದಳು. ಮತ್ತೆ ಕಿಣಿ. ಮತ್ತೆ ಹೂಂ.

ಫರ್ಹತಳಿಗೆ ಅನುಮಾನ ಬಂತು. ಸದ್ದಾಗದಂತೆ ಬಳೆಗಳನ್ನು ಮೇಲೆ ಏರಿಸಿ ಬಿಗಿ ಮಾಡಿಕೊಂಡಳು. ಆಮೇಲೆ ಹಿತ್ತಲಲ್ಲಿ ಏನೂ ಕೇಳಲಿಲ್ಲ. ಸಾವಂತ್ರವ್ವ ಕಿವಿಗೊಟ್ಟು ಕಾದಳು.

"ಯಾಕ ಸುಮ್ಮನಾದ್ರಿ ಅಕ್ಕಾ?" ಫರ್ಹತ ಕೇಳಿದಳು.

"ನೀ ಮುಟ್ಟಿದರಲ್ಲೇನು ಹೂಂ ಅನ್ನೂದು?"

"ಆಗಿಂದ ಮುಟ್ಟಾಕತ್ತೇನ್ರಿ."

ಸಾವಂತ್ರವ್ವ ಕಣ್ಣು ತೆರೆದಳು. ಪೆನ್ನು ಮಚ್ಚೆಯ ಮೇಲೇ ಇತ್ತು.

ಅದೇ ರೋಗ ಹೌದೋ ಅಲ್ಲವೋ ಡಾಕ್ಟರೇ ಹೇಳಬೇಕು, ಹೌದಾದರೂ ಗುಳಿಗೆ ಪುಕ್ಕಟೆ, ನುಂಗಲು ಹಿಡಿದರೆ ಇನ್ನೊಬ್ಬರಿಗೆ ಅಂಟುವುದಿಲ್ಲ, ಬಿಟ್ಟರೆ ಬೆರಳು ಮುದುಡುತ್ತವೆ ಎಂದು ಫರ್ಹತ ಮೆಲ್ಲಗೆ ತಿಳಿಸಿದಳು. ತಾನು ಯಾರಿಗೂ ಬಾಯಿ ಬಿಡುವುದಿಲ್ಲವೆಂದೂ ಹೇಳಿದಳು. ಅಷ್ಟರಲ್ಲಿ ಒಳಗಿನಿಂದ ಕರಬಸಪ್ಪ ರೊಟ್ಟಿಗೆ ಕೂಗಿದ.

ಒಲೆಯ ಮುಂದೆ ಬಂದ ಸಾವಂತ್ರವ್ವ ಇಕ್ಕಳ ಕೈಗೆತ್ತಿಕೊಂಡಳು.

"ಏನಬೇ, ಇವತ್ತ ಬೆಂಕಿಗೆ ಅಂಜಿದೇನು?" ಕರಬಸಪ್ಪ ಕೆಣಕಿದ. ಉಣ್ಣುತ್ತಿದ್ದವರು ನಕ್ಕರು.

ಹೂಂ ಅಂದು ಸುಮ್ಮನಿರಬಹುದಿತ್ತು. ಆದರೆ ಇನ್ನೊಂದು ಸುಳ್ಳು ಹೂಂ ಅವಳ ಬಾಯಿಂದ ಹೊರಡಲಿಲ್ಲ.

"ಈ ಕೈಗೆ ಏನೂ ಗೊತ್ತಾಗಂಗಿಲ್ರಿ. ನಾಳೆ ದವಾಖಾನಿಗೆ ಹೊಕ್ಕೇನಿ."

ನಗು ನಿಂತಿತು. ಒಬ್ಬನ ಕೈ ತಾಟಿನ ಮೇಲೇ ಉಳಿಯಿತು. ಕರಬಸಪ್ಪ ಅವಳ ಬೊಬ್ಬೆಯನ್ನು ನೋಡಿದ, ಉಣ್ಣುವವರನ್ನು ನೋಡಿದ, ಇಕ್ಕಳ ಇಸಿದುಕೊಂಡ. "ನೀ ಆಚಿ ಕುಂಡ್ರು," ಅಂದ. ಅದು ಅಂಜಿಕೆಯೋ ಅಂತಃಕರಣವೋ ಅವಳಿಗೆ ತಿಳಿಯಲಿಲ್ಲ.

ರೊಟ್ಟಿ ತಿರುವಲು ಹೋಗಿ ಅವನ ಬೆರಳು ಹಂಚಿಗೆ ತಾಗಿತು. ಹಾ ಎಂದು ಕೈ ಝಾಡಿಸಿ ಬೆರಳನ್ನು ಬಾಯಿಗಿಟ್ಟುಕೊಂಡ. ಸಾವಂತ್ರವ್ವ ಆ ಬೆರಳನ್ನೇ ಆಸೆಯಿಂದ ನೋಡುತ್ತ ಕೂತಳು.