ಇಂಟರ್‌ವಲ್‌ವರೆಗಿನ ಕದರಮ್ಮ

ಆಂಧ್ರದ ಗಡಿಯ ರಾಯದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಟಾಕೀಸಿಗೆ ಪ್ರತಿ ಬೇಸಿಗೆಯಲ್ಲಿ ಬರುತ್ತಿದ್ದ ದೊಡ್ಡ ದೊಡ್ಡ ಪಿಚ್ಚರುಗಳಲ್ಲಿ ಕದರಮ್ಮ ಒಂದನ್ನೂ ಬಿಟ್ಟವಳಲ್ಲ, ಒಂದನ್ನೂ ಪೂರ್ತಿ ನೋಡಿದವಳಲ್ಲ. ಇಂಟರ್‌ವಲ್‌ವರೆಗೆ ನೋಡುತ್ತಿದ್ದಳು, ಎದ್ದು ಬಂದು ಮಷೀನಿಗೆ ಕೂರುತ್ತಿದ್ದಳು. ಇದಕ್ಕೆ ಕಾರಣ ಅವಳ ರುಚಿಯಲ್ಲ, ಕರೆಂಟು.

ಎರಡು ಸಾವಿರದ ಹತ್ತರಿಂದ ಹದಿಮೂರನೇ ಇಸವಿಯವರೆಗಿನ ಮಾತು. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಬರುವುದು ಮೂರೂವರೆಗೋ ನಾಲ್ಕಕ್ಕೋ, ಅದರ ಮರ್ಜಿ. ನಮ್ಮ ಜೀನ್ಸ್ ಯೂನಿಟ್ಟಿನ ಮಾಡು ತಗಡಿನದು, ಫ್ಯಾನು ನಿಂತರೆ ಒಳಗೆ ಕೂರಲಾಗದು. ಹೊಲಿಯುವವರೆಲ್ಲ ಎದ್ದು ಟಾಕೀಸಿಗೆ ನಡೆಯುತ್ತಿದ್ದರು. ಅಲ್ಲಿ ಜನರೇಟರ್ ಇತ್ತು, ಕೂಲರ್ ಇತ್ತು, ಎರಡೂಕಾಲಿಗೆ ಮ್ಯಾಟಿನಿ ಶುರುವಾಗುತ್ತಿತ್ತು. ನಾನು ಜಂಬಯ್ಯ, ಆ ಯೂನಿಟ್ಟಿನ ಸೂಪರ್‌ವೈಸರ್. ಬಾಗಿಲ ಮುಂದಿನ ಬೇವಿನ ಮರದ ಕೆಳಗೆ ಮಲಗಿ, ಒಳಗಿನ ಬಲ್ಬು ಹತ್ತಿದ ಕೂಡಲೇ ಎಲ್ಲರಿಗೂ ಮಿಸ್ ಕಾಲ್ ಕೊಡುವುದು ನನ್ನ ಕೆಲಸ. ಮೊದಲ ಕಾಲು ಕದರಮ್ಮನಿಗೆ, ಆಮೇಲೆ ಉಳಿದವರಿಗೆ.

ನನಗೆ ಸಿನಿಮಾ ಅಂದರೆ ಆಗದು. ಅದರಲ್ಲೂ ಇಂಗ್ಲಿಷಿನಲ್ಲಿ ತೆಗೆದು ತೆಲುಗಿನಲ್ಲಿ ಮಾತಾಡಿಸುವ ಈ ಎರಡನೇ ಭಾಗ, ಮೂರನೇ ಭಾಗಗಳ ಹೆಸರೆತ್ತಿದರೆ ಮೈ ಉರಿಯುತ್ತದೆ. ಆದರೆ ಕದರಮ್ಮ ಬಿಡಬೇಕಲ್ಲ. ವಾಪಸು ಬಂದು ಮಷೀನಿಗೆ ದಾರ ಪೋಣಿಸುತ್ತಲೇ ಶುರು ಮಾಡುತ್ತಿದ್ದಳು. ಆಗ ಎಲ್ಲರ ಬಾಯಲ್ಲೂ ಇದ್ದವನು ಎರಡು ನೆರಳಿನ ಒಬ್ಬ ಹೀರೋ. ಒಂದು ನೆರಳನ್ನು ಬಿಚ್ಚಿ ವೈರಿಯ ಮೇಲೆ ಎಸೆಯುವವನು. ಅವನ ನೆರಳಿನ ಬಗ್ಗೆ ಕದರಮ್ಮನಿಗೆ ತಕರಾರಿರಲಿಲ್ಲ, ಅವನ ಪ್ಯಾಂಟಿನ ಬಗ್ಗೆ ಇತ್ತು.

"ಅಷ್ಟು ಎತ್ತರದಿಂದ ಕಾಲು ಅಗಲಿಸ್ಕೊಂಡು ಬೀಳ್ತಾನೆ ಕಣಣ್ಣ. ತೊಡೆಸಂದಿ ಹೊಲಿಗೆ ಒಂದೆಳೆ ಬಿಚ್ಚಲ್ಲ. ನಾವು ಹೊಲ್ದಿದ್ದನ್ನ ಮಾತ್ರ ಎಳೆದೆಳೆದು ನೋಡಿ ವಾಪಸ್ ಎಸೀತೀಯ. ಅವನಿಗೆ ಹೊಲಿಯೋ ಯೂನಿಟ್ಟು ಎಲ್ಲೈತೆ ಕೇಳು, ನಾನು ಅಲ್ಲಿಗೇ ಹೋಗ್ತೀನಿ."

"ನನ್ನ ಯಾಕ ಕೇಳ್ತಿ? ಸುಮ್ನ ಹೊಲಿ," ಎನ್ನುತ್ತಿದ್ದೆ.

ಆ ಪಿಚ್ಚರುಗಳಲ್ಲಿ ಪ್ರತಿ ವರ್ಷ ಒಂದು ಊರು ಬೀಳಲೇಬೇಕು. ಇಪ್ಪತ್ತು ಮಹಡಿ, ಮೂವತ್ತು ಮಹಡಿ ಸಾಲಾಗಿ ಮಲಗಬೇಕು. ಜನ ಸೀಟಿ ಹೊಡೆಯುತ್ತಿದ್ದರೆ ಇವಳಿಗೆ ಬೇರೆಯೇ ಯೋಚನೆ. "ಆ ಮಣ್ಣು ಯಾರು ಗುಡಿಸ್ತಾರೆ? ಒಳಗಿದ್ದೋರು ಏನಾದ್ರು? ಹೀರೋ ಅಪ್ಪನ ತರ ಇರೋ ಮುದುಕ ಸತ್ರೆ ಹತ್ತು ನಿಮಿಷ ಅಳ್ತಾರೆ, ಅಷ್ಟು ಜನಕ್ಕೆ ಒಬ್ರೂ ಅಳಲ್ಲ. ಎರಡು ಸಲ ಬಿದ್ದೈತೆ ಆ ಊರು, ಆದ್ರೂ ಅಲ್ಲೇ ಇದಾರೆ ನೋಡು. ನಮಗೆ ರೇಷ್ಮೆ ಸೊಪ್ಪು ಕೊಯ್ಯೋ ಕೂಲಿ ಒಂದು ವರ್ಷ ತಪ್ಪಿದ್ದಕ್ಕೆ ಗಂಟು ಕಟ್ಕೊಂಡು ಬಂದ್ಬಿಟ್ವಿ."

ಕೊನೆ ನೋಡದೆ ಹೇಗೆ ಸುಮ್ಮನಿರುತ್ತಿ ಎಂದು ಒಮ್ಮೆ ಸಂಧ್ಯಾ ಕೇಳಿದ್ದಳು. ಆ ಹುಡುಗಿ ಕದರಮ್ಮನ ಪಕ್ಕದ ಮಷೀನಿನವಳು. ಕದರಮ್ಮ ನಕ್ಕುಬಿಟ್ಟಳು. "ಬರೋ ವರ್ಷ ಮುಂದಿನ ಭಾಗ ಬರುತ್ತಲ್ಲ, ಅದರ ಮೊದಲನೇ ಐದು ನಿಮಿಷದಲ್ಲಿ ಹಿಂದಿಂದೆಲ್ಲ ತೋರಿಸ್ತಾರೆ. ನಮ್ಮಂತೋರಿಗೆ ಅಂತಲೇ ಮಾಡೋದು ಅದನ್ನ."

ಕದರಮ್ಮ ಮಡಕಶಿರದ ಕಡೆಯವಳು, ಗುಡಿಬಂಡೆ ಹತ್ತಿರದ ಹಳ್ಳಿ. ಗಂಡ ಆದಿನಾರಾಯಣ ಮೊದಲು ಬಳ್ಳಾರಿಯ ಒಂದು ಜೀನ್ಸ್ ಕಾರ್ಖಾನೆಯಲ್ಲಿದ್ದ. ಹೊಸ ಪ್ಯಾಂಟನ್ನು ಹಳೆಯದು ಮಾಡುವ ಕೆಲಸ. ತೊಡೆಯ ಮೇಲೆ, ಮಂಡಿಯ ಮೇಲೆ ಮರಳು ಕಾಗದದಿಂದ ತಿಕ್ಕಿ ಬಣ್ಣ ಬಿಡಿಸಬೇಕು, ಹೊಸದಾಗಿ ಕಾಣದ ಹಾಗೆ. ಮೂಗಿಗೆ ಒಂದು ಟವೆಲ್ಲು ಕಟ್ಟಿಕೊಂಡು ಏಳು ವರ್ಷ ತಿಕ್ಕಿದ. ಮೂವತ್ತೆಂಟನೇ ವಯಸ್ಸಿಗೆ ಅವನೇ ಹಳೆಯದಾದ. ಕೆಮ್ಮಿದರೆ ಕಫ ನೀಲಿ ಬರುತ್ತಿತ್ತೆಂದು ಕದರಮ್ಮ ಹೇಳಿದಾಗ ನಾನು ನಂಬಿರಲಿಲ್ಲ, ಆಮೇಲೆ ಒಮ್ಮೆ ಕಣ್ಣಾರೆ ನೋಡಿದೆ. ಕಾರ್ಖಾನೆಯವರು ಇನ್ನು ಬರಬೇಡ ಅಂದರು. ಹಳ್ಳಿಗೆ ಹೋದರೆ ಉಸಿರು ಹಿಡಿದಾಗ ಆಸ್ಪತ್ರೆ ಸಿಕ್ಕುವುದಿಲ್ಲವೆಂದು ರಾಯದುರ್ಗಕ್ಕೆ ಬಂದು ಮೈಲಾರಮ್ಮ ಎಂಬವಳ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಹಿಡಿದರು. ಅವಳು ನಮ್ಮಲ್ಲಿ ಹೊಲಿಗೆಗೆ ಸೇರಿದಳು, ಅವನು ಗೋಡೆಗೆ ಒರಗಿ ಕೂತ. ಮಲಗಿದರೆ ಉಸಿರು ಕಟ್ಟುತ್ತಿತ್ತು.

ಉಸಿರು ಹಿಡಿದರೆ ಅವನಿಗೆ ಮಾತು ಹೊರಡುತ್ತಿರಲಿಲ್ಲ. ಅದಕ್ಕೆ ಗಂಡ ಹೆಂಡತಿ ಒಂದು ಕ್ರಮ ಮಾಡಿಕೊಂಡಿದ್ದರು. ಕದರಮ್ಮನಿಗೆ ಅಕ್ಷರ ಬಾರದು, ಫೋನಿನಲ್ಲಿ ಯಾರ ಹೆಸರು ಬಂತೋ ತಿಳಿಯದು. ಫೋನು ಒಂದು ಸಲ ಬಡಿದು ನಿಂತರೆ ನಾನು, ಅಂದರೆ ಕರೆಂಟು. ಬೆನ್ನಿಗೇ ಎರಡನೇ ಸಲವೂ ಬಡಿದರೆ ಅವನು. ಹನ್ನೆರಡರ ಬೇಸಿಗೆಯಲ್ಲೇ ಎರಡು ಬಾರಿ ಹಾಗೆ ಬಡಿದಿತ್ತು. ಎರಡು ಬಾರಿಯೂ ಕೈಯಲ್ಲಿದ್ದ ಪ್ಯಾಂಟನ್ನು ಮಷೀನಿನಲ್ಲೇ ಬಿಟ್ಟು ಓಡಿದಳು, ಆಟೋದಲ್ಲಿ ಹಾಕಿಕೊಂಡು ಹೋಗಿ ಆಕ್ಸಿಜನ್ ಇಡಿಸಿದಳು, ಅವನು ಬದುಕಿದ. ಆಸ್ಪತ್ರೆ ಎರಡೇ ಬೀದಿ ಆಚೆ. ಬೇಗ ಕರೆತಂದರೆ ಏನೂ ಆಗುವುದಿಲ್ಲ, ತಡವಾದರೆ ಮಾತ್ರ ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಗಂಡ ಇಂಥಾ ಸ್ಥಿತಿಯಲ್ಲಿರುವಾಗ ಇವಳಿಗೇನು ಪಿಚ್ಚರ್ ಚಟ ಎಂದು ನಾನೂ ಬೈದುಕೊಂಡಿದ್ದೇನೆ. ಆದರೆ ಅವಳನ್ನು ಕಳಿಸುತ್ತಿದ್ದವನೇ ಅವನು. ನೋಡಿಕೊಂಡು ಬಂದು ಹೇಳಬೇಕು. ರಾತ್ರಿ ಮುದ್ದೆ ಕಟ್ಟುತ್ತಾ ಅವಳು ಅರ್ಧ ಕತೆ ಹೇಳಿದರೆ, ಉಳಿದ ಅರ್ಧವನ್ನು ಅವನು ಕಟ್ಟುತ್ತಿದ್ದ. ತಡೆದು ತಡೆದು, ಉಸಿರು ಸಿಕ್ಕಷ್ಟೇ ಮಾತು. ಅವನ ಕತೆಯಲ್ಲಿ ಹೀರೋ ಸುಮ್ಮನೆ ಗೆಲ್ಲುತ್ತಿರಲಿಲ್ಲ, ಬಿದ್ದ ಮನೆಗಳ ಕೆಳಗಿನಿಂದ ಜನರನ್ನು ಒಬ್ಬೊಬ್ಬರನ್ನಾಗಿ ಎತ್ತುತ್ತಿದ್ದ. ಮರುವರ್ಷ ಮುಂದಿನ ಭಾಗ ಬಂದಾಗ ಯಾರ ಕತೆ ಸರಿ ಎಂದು ನೋಡುವುದು. "ನಮ್ಮೋರು ಕಟ್ಟಿದ್ದೇ ಚೆನ್ನಾಗಿತ್ತು ಕಣಣ್ಣ, ಇವರಿಗೆ ತಲೆಯಿಲ್ಲ," ಎಂದು ಬಂದು ಹೇಳುತ್ತಿದ್ದಳು. ಆಗ ಅವಳ ಮುಖ ನೋಡಬೇಕಿತ್ತು. ನನಗೆ ಒಳಗೊಳಗೇ ಹೊಟ್ಟೆಕಿಚ್ಚಾಗುತ್ತಿತ್ತು, ನನ್ನ ಮನೆಯಲ್ಲಿ ನಾನು ಹೇಳಿದ್ದನ್ನು ಯಾರೂ ಅಷ್ಟು ಹೊಗಳಿಲ್ಲ.

ಹನ್ನೆರಡನೇ ಇಸವಿಯ ಮೇ ತಿಂಗಳಲ್ಲಿ ಎರಡು ನೆರಳಿನವನ ಮೂರನೇ ಭಾಗ ಬಂತು. ಅದು ಬಂದ ಎರಡನೇ ದಿನ. ಬಿಸಿಲಿಗೆ ನಾಯಿಗಳೂ ಮೋರಿ ಸೇರಿದ್ದವು. ನಾನು ಬೇವಿನ ಕೆಳಗೆ ಮುಖದ ಮೇಲೆ ಟವೆಲ್ಲು ಹಾಕಿಕೊಂಡು ಮಲಗಿದ್ದೆ. ಯಾರೋ ಹತ್ತಿರ ನಿಂತು ಏದುಸಿರು ಬಿಡುತ್ತಿದ್ದರು. ಟವೆಲ್ಲು ಸರಿಸಿದರೆ ಕದರಮ್ಮ, ಒಬ್ಬಳೇ.

"ಕರೆಂಟ್ ಎಲ್ಲಿ ಬಂದೈತಣ್ಣ? ಬಲ್ಬೇ ಹತ್ತಿಲ್ಲ."

"ಬಂದೈತಿ ಅಂತ ಯಾರು ಹೇಳಿದ್ರು?"

"ನೀನೇ ಕಾಲ್ ಕೊಟ್ಟೆ. ಒಂದು ಸಲ ಬಡಕೊಂತು. ಸಂಧ್ಯಾ ನನಗೆ ಬಂದಿಲ್ಲ ಅಂದ್ಲು, ನಾನೇ ನೋಡ್ಕೊಂಡು ಬತ್ತೀನಿ ಇರು ಅಂತ ಬಂದೆ."

"ನಾ ಕೊಟ್ಟಿಲ್ಲವ್ವ. ಸಿಮ್ ಕಂಪನಿಯವ್ರದು ಇರ್ತೈತಿ. ಹಾಡು ಹಾಕ್ಕೊಳ್ರಿ, ಹಾಡು ಹಾಕ್ಕೊಳ್ರಿ ಅಂತ ಜೀವ ತಿಂತಾರ."

ಅವಳು ಹೋಗಲಿಲ್ಲ. ಕೈ ಚಾಚಿ ಫೋನನ್ನು ನನ್ನ ಮುಖದ ಹತ್ತಿರ ಹಿಡಿದಳು. "ಯಾರದು ಅಂತ ಒಂದು ನೋಡಣ್ಣ."

ಕನ್ನಡಕ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಕೈ ಹಾಕಿ ತೆಗೆಯಬೇಕು, ಎದ್ದು ಕೂರಬೇಕು, ಅಷ್ಟೇ. ನನಗೆ ನಿದ್ದೆ ಹತ್ತುತ್ತಿತ್ತು. "ಕಂಪನಿಯವ್ರದೇ. ನಿಮ್ಮೋರದಾದ್ರ ಎರಡು ಸಲ ಬರ್ತಿದ್ದಿಲ್ಲೇನು? ಇವತ್ತು ಕರೆಂಟ್ ಐದರತನ ಬರಂಗಿಲ್ಲ, ಲೈನ್‌ಮನ್ ಹೇಳ್ಯಾನ. ಹೋಗು, ಒಂದು ಸಲನಾದ್ರೂ ಕೊನೀ ನೋಡ್ಕೊಂಡು ಬಾ," ಅಂದು ಟವೆಲ್ಲು ಮತ್ತೆ ಎಳೆದುಕೊಂಡೆ.

ಆಮೇಲೆ ಚಪ್ಪಲಿಯ ಸದ್ದು ಬೇಗ ಬೇಗ ದೂರವಾಯಿತು, ಟಾಕೀಸಿನ ಕಡೆಗೆ. ಇಂಟರ್‌ವಲ್ ಮುಗಿಯುವುದರೊಳಗೆ ಮುಟ್ಟಬೇಕಲ್ಲ.

ಅವತ್ತು ಅವಳು ಕೊನೆ ನೋಡಿದಳು. ಪಿಚ್ಚರ್ ಬಿಟ್ಟ ಮೇಲೆ ಯೂನಿಟ್ಟಿಗೆ ಬಾರದೆ ನೆಟ್ಟಗೆ ಮನೆಗೆ ಹೋದಳಂತೆ, ಮರೆಯುವ ಮೊದಲು ಗಂಡನಿಗೆ ಹೇಳಬೇಕೆಂದು. ಹತ್ತು ನಿಮಿಷಕ್ಕೆ ಮೈಲಾರಮ್ಮ ನನ್ನ ಹತ್ತಿರ ಓಡಿ ಬಂದಳು. ಅವಳದೊಂದು ಚಿಲ್ಲರೆ ಅಂಗಡಿ, ಹಗಲೆಲ್ಲ ಅಲ್ಲೇ ಇರುವವಳು, ಮನೆಗೆ ಬರುವುದು ಊಟಕ್ಕೆ ಮಾತ್ರ, ಅವತ್ತು ಕದರಮ್ಮನ ಕೂಗು ಕೇಳಿ ಬಂದಿದ್ದಳು. "ಲಗೂನ ಬರ್ರಿ ಜಂಬಯ್ಯ, ಆದಿನಾರಾಯಣ ಹೋಗ್ಯಾನ್ರಿ," ಅಂದಳು. ಅವನು ಗೋಡೆ ಬಿಟ್ಟು ಬಾಗಿಲವರೆಗೆ ತೆವಳಿದ್ದ. ಫೋನು ಹೊಸ್ತಿಲ ಹತ್ತಿರ ಬಿದ್ದಿತ್ತು. ಆಸ್ಪತ್ರೆಯ ಕಾಂಪೌಂಡರ್ ಬಂದು ಮೈ ಮುಟ್ಟಿ ನೋಡಿ, ಇನ್ನೂ ಬಿಸಿ ಇದೆ, ನಾಲ್ಕು ಗಂಟೆಯ ಸುಮಾರಿಗೆ ಹೋಗಿರಬೇಕು ಅಂದ. ಕದರಮ್ಮ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಗುಡಿಬಂಡೆ ಕಡೆಯ ನೆಂಟರಿಗೆ ತಿಳಿಸಲು ಅವಳ ಫೋನನ್ನು ನನ್ನ ಕೈಗೆ ಕೊಟ್ಟರು. ಆಗ ಕನ್ನಡಕ ಹಾಕಿಕೊಂಡೆ. ಪಟ್ಟಿಯ ತುದಿಯಲ್ಲಿ ಒಂದೇ ಒಂದು ಮಿಸ್ ಕಾಲ್, ಮೂರು ಗಂಟೆ ಏಳು ನಿಮಿಷ. ಎದುರಿಗೆ ಇಂಗ್ಲಿಷಿನಲ್ಲಿ ಮನೆ ಎಂದಿತ್ತು. ಆದಿನಾರಾಯಣನ ನಂಬರಿಗೆ ಆ ಹೆಸರು ಹಾಕಿಕೊಟ್ಟವನು ನಾನೇ. ಎರಡನೇ ಸಲ ಒತ್ತಲು ಅವನಿಗೆ ಆಗಿಲ್ಲ. ನಾನು ಸುತ್ತ ನೋಡಿದೆ, ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಆ ಸಾಲನ್ನು ಅಳಿಸಿದೆ. ಕೈ ತಪ್ಪಿ ಹೋಯಿತು ಎಂದು ಈಗ ಹೇಳಬಹುದು, ಆದರೆ ಅದು ಸುಳ್ಳು. ಹೆದರಿ ಅಳಿಸಿದೆ. ಅವನ ಫೋನಿನಲ್ಲಿ ಇದ್ದದ್ದನ್ನೂ ಅಳಿಸಿದೆ.

ಒಂದು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ. ಕದರಮ್ಮ ಹದಿನಾರನೇ ದಿನಕ್ಕೆ ಕೆಲಸಕ್ಕೆ ಬಂದಳು. ಮೊದಲಿನ ಹಾಗೆಯೇ ಹೊಲಿಗೆ, ನೇರ, ಗಟ್ಟಿ. ಅವಳು ಹೊಲಿದದ್ದನ್ನು ನಾನು ಎಳೆದು ನೋಡುವುದನ್ನು ಬಿಟ್ಟೆ. ನಮ್ಮೋರು ಸುಮ್ಮನೆ ಹೋದರು, ಸಂಕಟ ಪಡಲಿಲ್ಲ, ಪಟ್ಟಿದ್ದರೆ ಕರೆಯುತ್ತಿದ್ದರು ಎಂದು ಅವಳು ಸಂಧ್ಯಾಳ ಹತ್ತಿರ ಹೇಳುವುದು ಕಿವಿಗೆ ಬೀಳುತ್ತಿತ್ತು. ಬಾಗಿಲವರೆಗೆ ತೆವಳಿದ್ದನ್ನು ಅವಳು ಮಾತಿಗೆ ತರುತ್ತಿರಲಿಲ್ಲ. ಹಾಗೆ ನಂಬಿಕೊಂಡು ನೆಮ್ಮದಿಯಾಗಿರಲಿ ಎಂದು ನಾನು ನನಗೆ ಸಮಾಧಾನ ಹೇಳಿಕೊಂಡೆ. ನನ್ನ ಸಮಾಧಾನಕ್ಕೆ ಅವಳ ಹೆಸರು ಇಟ್ಟುಕೊಂಡೆ, ಅಷ್ಟೇ.

ಹದಿಮೂರರ ಮೇ ತಿಂಗಳಲ್ಲಿ ನಾಲ್ಕನೇ ಭಾಗದ ಪೋಸ್ಟರು ಬಿತ್ತು. ಎರಡಕ್ಕೆ ಕರೆಂಟು ಹೋಯಿತು, ಎಲ್ಲರೂ ಟಾಕೀಸಿಗೆ ಹೊರಟರು. ಕದರಮ್ಮ ಹೋಗಲಿಲ್ಲ. ಬೇವಿನ ಕೆಳಗೆ ಬಂದು ನನ್ನಿಂದ ಸ್ವಲ್ಪ ದೂರ ಕೂತಳು.

"ಪಿಚ್ಚರಿಗೆ ಹೋಗಂಗಿಲ್ಲೇನವ್ವ?"

"ಹೋದ ವರ್ಷದ್ದರ ಕೊನೆ ನೋಡಿದೀನಲ್ಲ. ಕಟ್ಟಡ ಮೈಮೇಲೆ ಬಿದ್ದು ಸಾಯ್ತಾನೆ. ಎಲ್ಲ ಮುಗೀತು ಅನ್ನುವಾಗ ಒಂದು ಬೆರಳು ಅಲ್ಲಾಡುತ್ತೆ. ಜನ ಎಲ್ಲ ಎದ್ದು ನಿಂತು ಕೂಗಿದ್ರು. ನಮ್ಮೋರಿಗೆ ಹೇಳಾಣ ಅಂತ ಓಡಿದ್ದೆ." ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ನನಗೆ ಒಂದೇ ಹೊಟ್ಟೇಲಿ ಉರಿಯೋದು ಕಣಣ್ಣ. ಹೋಗುವಾಗ ಒಂದು ಸಲ ಕರೀಬೇಕು ಅನ್ನಿಸ್ಲಿಲ್ಲ ಅವರಿಗೆ. ಕಷ್ಟಪಟ್ಟಿಲ್ಲ ಅಂತ ಎಲ್ಲರ ಹತ್ರ ಹೇಳ್ತೀನಿ. ಬಾಗಿಲ ತನಕ ತೆವಳಿದ್ರು, ಫೋನ್ ಪಕ್ಕದಲ್ಲೇ ಬಿದ್ದಿತ್ತು. ಆದ್ರೂ ನನ್ನ ಕರೀಲಿಲ್ಲ, ಅವತ್ತು ಬಂದಿದ್ದೂ ಕಂಪನಿಯವರದೇ ಅಂದೆಯಲ್ಲ ನೀನು. ಅಷ್ಟು ಬೇಡವಾದೆನಾ ನಾನು?"

ನನಗೆ ತಡೆಯಲಾಗಲಿಲ್ಲ. "ಅವ ಕರೆದಿದ್ದ, ಕದರಮ್ಮ. ಒಂದು ಸಲ. ಎರಡನೇದು ಕೊಡಾಕ ಆಗಿಲ್ಲ," ಅಂದೆ. ಪಟ್ಟಿ ನೋಡಿದ್ದು, ಅಳಿಸಿದ್ದು, ಎಲ್ಲ ಹೇಳಿದೆ. ಹೇಳುತ್ತಾ ಅತ್ತೆ. ಅವಳು ಅಳಲಿಲ್ಲ.

"ಎಷ್ಟು ಗಂಟೆಗೆ?" ಎಂದು ಕೇಳಿದಳು.

"ಮೂರು ಗಂಟೆ ಏಳು ನಿಮಿಷಕ್ಕ."

ಟಾಕೀಸಿನಿಂದ ಯೂನಿಟ್ಟಿಗೆ ನಡೆದರೆ ಹತ್ತು ನಿಮಿಷ. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಕಾಂಪೌಂಡರ್ ನಾಲ್ಕು ಗಂಟೆ ಅಂದದ್ದು ಅವಳಿಗೂ ನೆನಪಿತ್ತು.

"ಅಂದ್ರೆ ನಾನು ಇಲ್ಲಿ ನಿನ್ನ ಮುಂದೆ ಫೋನ್ ಹಿಡ್ಕೊಂಡು ನಿಂತಿದ್ನಲ್ಲ," ಅಂದಳು, "ಆಗ ಅವ್ರು ಇದ್ರು."

ಅವಳು ಎದ್ದು ಸೀರೆಗೆ ಹತ್ತಿದ್ದ ಮಣ್ಣು ಕೊಡವಿಕೊಂಡು ಒಳಗೆ ಹೋಗಿ, ಕತ್ತಲಲ್ಲಿ, ನಿಂತ ಮಷೀನಿನ ಮುಂದೆ ಕೂತಳು. ಅಂದಿನಿಂದ ಕರೆಂಟು ಹೋದರೂ ಅವಳು ಅಲ್ಲಿಂದ ಏಳುವುದಿಲ್ಲ. ಬಲ್ಬು ಹತ್ತಿದಾಗ ನಾನು ಉಳಿದವರಿಗೆ ಮಿಸ್ ಕಾಲ್ ಕೊಡುತ್ತೇನೆ. ಅವಳ ನಂಬರು ಇನ್ನೂ ಪಟ್ಟಿಯಲ್ಲಿ ಮೊದಲನೆಯದಾಗಿಯೇ ಇದೆ, ಅದನ್ನು ದಾಟಿ ಎರಡನೆಯದನ್ನು ಒತ್ತುತ್ತೇನೆ.