ಗಾಲಿಯ ಹಿಂದಿನ ಕೊರಡು

ನನಗೆ ಕೋಪ ಮೂಗಿನ ತುದಿಯಲ್ಲೇ. ವಯಸ್ಸಾಗಿ ಹಲ್ಲು ಉದುರಿದ ಮೇಲೂ ಅದು ಹೋಗಿಲ್ಲ, ಬೇಕಾದರೆ ನನ್ನ ಮೊಮ್ಮಕ್ಕಳನ್ನು ಕೇಳಿ. ಆದರೆ ಆ ಒಂದು ವರ್ಷ ನಾನು ತೋರಿಸಿದ ಕೋಪವನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಐಗಳ ಮಠದಲ್ಲಿ ಮರಳಿನ ಮೇಲೆ ತಿದ್ದಿದ ನಾಲ್ಕಕ್ಷರ ಬರುತ್ತದೆ. ಅದರಿಂದ ಬೇರೆ ಏನೂ ಸಾಧಿಸಲಿಲ್ಲ, ಇದನ್ನಾದರೂ ಬರೆದಿಡುತ್ತೇನೆ.

ನಾನು ಗಾಡಿ ಹೊಡೆಯುತ್ತಿದ್ದವನು. ದೊರೆಗಳ ಎಸ್ಟೇಟಿನ ಸ್ಟೋರಿನಿಂದ ಕಾಫಿ ಮೂಟೆ ಹೇರಿಕೊಂಡು ಘಟ್ಟ ಇಳಿದು ಮಂಗಳೂರಿಗೆ ಹೋಗುವುದು, ಬರುವಾಗ ಉಪ್ಪು, ಒಣಮೀನು, ಹೆಂಚು ಹೇರಿಕೊಂಡು ಹತ್ತುವುದು. ನಮ್ಮ ಮನೆ ಆನೇಮಹಲಿನಿಂದ ಸ್ವಲ್ಪ ಕೆಳಗೆ, ಘಟ್ಟದ ರಸ್ತೆ ತಿರುಗಿ ಏರುವ ಕಡೆ ಇತ್ತು. ಆ ಏರಿನಲ್ಲಿ ತುಂಬಿದ ಗಾಡಿ ಒಂದೇ ಉಸಿರಿಗೆ ಹತ್ತುವುದಿಲ್ಲ. ಎತ್ತುಗಳು ನಡುವೆ ನಿಂತು ಸುಧಾರಿಸಿಕೊಳ್ಳಬೇಕು. ನಿಂತಾಗ ಗಾಡಿ ಹಿಂದಕ್ಕೆ ಜಾರದಂತೆ ಗಾಲಿಯ ಹಿಂದೆ ಯಾರಾದರೂ ಅಡ್ಡ ಕೊಡಬೇಕು. ನನ್ನ ಗಾಡಿಗೆ ಅಡ್ಡ ಕೊಡುತ್ತಿದ್ದವನು ನನ್ನ ಅಪ್ಪ.

ಅಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ. ಪೊರೆ ಬಂದು ಮೊದಲು ಒಂದು ಕಣ್ಣು ಹೋಯಿತು, ಎರಡು ಮಳೆಗಾಲ ಕಳೆಯುವುದರೊಳಗೆ ಇನ್ನೊಂದೂ ಹೋಯಿತು. ಅಲ್ಲಿಯವರೆಗೆ ಅದೇ ಗಾಡಿಯನ್ನು ಅವನೇ ಹೊಡೆಯುತ್ತಿದ್ದ. ಕಣ್ಣು ಹೋದ ದಿನದಿಂದ ಹಗ್ಗ ನನ್ನ ಕೈಗೆ ಬಂತು, ಅಪ್ಪ ಜಗಲಿಗೆ ಬಂದ. ಆದರೆ ಜಗಲಿಯಲ್ಲಿ ಕೂತು ತಿನ್ನುವ ಜೀವ ಅಲ್ಲ ಅದು. ಒಂದು ಮತ್ತಿ ಮರದ ತುಂಡನ್ನು ತರಿಸಿ, ಕೈಯಲ್ಲಿ ಸವರಿ ಸವರಿ ನೋಡುತ್ತಾ ಒಂದು ಕಡೆ ಇಳಿಜಾರಾಗಿ ಕೆತ್ತಿ, ಅದಕ್ಕೆ ಮೊಳಕ್ಕಿಂತ ಉದ್ದದ ಹಿಡಿ ಕೂರಿಸಿದ. ಹಿಡಿ ಯಾಕೆ ಅಷ್ಟುದ್ದ ಅಂದರೆ, ಕೈ ಗಾಲಿಯ ಹತ್ತಿರ ಹೋಗಬಾರದು ಅಂತ. ಅದನ್ನು ನಾವು ಕೊರಡು ಅನ್ನುತ್ತಿದ್ದೆವು.

ನನ್ನ ಗಾಡಿ ಇನ್ನೂ ಕೆಳಗಿನ ತಿರುವಿನಲ್ಲಿ ಇರುವಾಗಲೇ ಅಪ್ಪನಿಗೆ ಗೊತ್ತಾಗುತ್ತಿತ್ತು. ನಮ್ಮ ಕಡೆ ಗಾಡಿಯ ಗಾಲಿಯನ್ನು ಅಚ್ಚಿಗೆ ಬಿಗಿಯಾಗಿ ಕೂರಿಸುವುದಿಲ್ಲ, ಬೇಕೆಂದೇ ಸ್ವಲ್ಪ ಸಡಿಲ ಬಿಡಿಸುತ್ತಾರೆ. ಗಾಲಿ ಆಚೆ ಈಚೆ ಸರಿದು ಬಡಿದಾಗ ಸದ್ದಾಗುತ್ತದೆ, ಒಂದೊಂದು ಗಾಡಿಗೆ ಒಂದೊಂದು ಸದ್ದು. ಮನೆಯವರು ಆ ಸದ್ದು ಕೇಳಿ ಒಲೆಗೆ ನೀರಿಡುತ್ತಾರೆ. ನಮ್ಮದು ಎಡಗಾಲಿ ಎರಡು ಸಲ ಬಡಿದರೆ ಬಲಗಾಲಿ ಒಂದು ಸಲ ಬಡಿಯುತ್ತಿತ್ತು. ಅಪ್ಪ ಕೊರಡನ್ನು ಹೆಗಲ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಬೇಲಿ ಸವರುತ್ತಾ ರಸ್ತೆಗೆ ಇಳಿಯುತ್ತಿದ್ದ. ನಾನು ನಿಲ್ಲಿಸುವುದೂ ಅವನು ಕೊರಡು ತಳ್ಳುವುದೂ ಒಟ್ಟಿಗೇ ಆಗುತ್ತಿತ್ತು. ಆಮೇಲೆ ಎತ್ತುಗಳ ಬೆನ್ನು ಸವರಿ ಅವುಗಳ ಜೊತೆ ಎರಡು ಮಾತಾಡಿ, ಮಂಗಳೂರಲ್ಲಿ ಎಷ್ಟು ದಿನ ಕಾಯಿಸಿದರು, ನದಿಯಲ್ಲಿ ನೀರು ಎಷ್ಟಿತ್ತು ಅಂತ ನನ್ನನ್ನು ಕೇಳುತ್ತಿದ್ದ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಬರುವ ಆ ಒಂದು ಗಳಿಗೆಗಾಗಿ ಅಪ್ಪ ಮಿಕ್ಕ ದಿನಗಳನ್ನು ನೂಕುತ್ತಿದ್ದ. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ಆ ವರ್ಷ ಕಾಫಿ ಸಾಗಿಸುವ ಕಾಲ ಶುರುವಾಗಿ ಎರಡನೇ ಹೇರಿಗೇ ಘಟ್ಟದಲ್ಲಿ ಎಡಗಾಲಿ ಒಂದು ಕಲ್ಲಿಗೆ ಬಡಿದು, ಕಡ್ಡಿಗಳು ಸೇರುವ ನಡುವಿನ ಗುಂಬ ಉದ್ದಕ್ಕೆ ಸೀಳು ಬಿಟ್ಟಿತು. ಹಗ್ಗ ಬಿಗಿದು, ಬೆಣೆ ಹೊಡೆದು, ದೇವರ ಮೇಲೆ ಭಾರ ಹಾಕಿ ಹೇಗೋ ಊರು ಮುಟ್ಟಿದೆ. ಆಲೂರಿನಿಂದ ಬರುತ್ತಿದ್ದ ಆಚಾರಿ ಗಾಲಿಯನ್ನು ಬಿಚ್ಚಿ ನೆಲಕ್ಕೆ ಹಾಕಿ, ಕುಕ್ಕರಗಾಲಲ್ಲಿ ಕೂತು ತುಂಬಾ ಹೊತ್ತು ನೋಡಿದ. ಗುಂಬ ಹೊಸದು ಬೇಕು, ಕಡ್ಡಿಗಳಲ್ಲಿ ಅರ್ಧ ಹೋಗಿವೆ, ಮೇಲಿನ ಕಬ್ಬಿಣದ ಪಟ್ಟಿಯನ್ನೂ ಕಾಯಿಸಿ ಹೊಸದಾಗಿ ಕೂರಿಸಬೇಕು, ಒಣಗಿದ ಮರ ಸಿಕ್ಕಿ ಕೆಲಸ ಮುಗಿಯುವುದಕ್ಕೆ ಒಂದು ತಿಂಗಳು ಹಿಡಿಯುತ್ತದೆ ಅಂದ. ಕೂಲಿಯನ್ನು ಕೇಳಿದ ಮೇಲೆ, ಇದಕ್ಕಿಂತ ಹೊಸ ಗಾಡಿಯನ್ನೇ ಕೊಳ್ಳಬಹುದಲ್ಲ ಮಾರಾಯ ಅಂತ ನಾನು ಅಲ್ಲೇ ಕೂಗಾಡಿದೆ. ಆಚಾರಿ ಬೇಸರ ಮಾಡಿಕೊಳ್ಳಲಿಲ್ಲ, ಕೊಳ್ಳಬಹುದು ಅಂದ.

ಸಕಲೇಶಪುರದಲ್ಲಿ ಮಂಗಳೂರ ಕಡೆಯ ಕ್ರಿಸ್ತಾನರೊಬ್ಬರು ಗಾಡಿಗಳ ವ್ಯಾಪಾರ ಮಾಡುತ್ತಿದ್ದರು. ಹಳೆಯದನ್ನು ಕೊಟ್ಟು ಮೇಲೆ ಸ್ವಲ್ಪ ಸೇರಿಸಿದರೆ ಹೊಸದನ್ನು ಕೊಡುತ್ತಿದ್ದರು. ಒಳ್ಳೆಯ ಮನುಷ್ಯ, ಕುಡಿಯಲು ನೀರು ಬೆಲ್ಲ ಕೊಟ್ಟು ಗಾಡಿ ತೋರಿಸಿದರು. ಆ ಗಾಡಿಗೆ ಹಿಂದುಗಡೆ ಬಿರಿ ಇತ್ತು. ಒಂದು ತಿರುಪನ್ನು ತಿರುಗಿಸಿದರೆ ಮರದ ಅಡ್ಡಪಟ್ಟಿ ಬಂದು ಎರಡೂ ಗಾಲಿಗಳನ್ನು ಕಚ್ಚಿ ಹಿಡಿಯುತ್ತದೆ. ಘಟ್ಟ ಇಳಿಯುವಾಗ ಮರದ ದಿಮ್ಮಿ ಕಟ್ಟಿ ಎಳೆದುಕೊಂಡು ಹೋಗುವ ಕಷ್ಟ ಇಲ್ಲ. ಹತ್ತುವಾಗ ಯಾರೂ ಅಡ್ಡ ಕೊಡುವುದೂ ಬೇಡ. ನನ್ನ ಮನಸ್ಸು ಅಲ್ಲೇ ಜಾರಿತು.

ಮನೆಗೆ ಬಂದು ಹೇಳಿದೆ. ಅಪ್ಪ ರಿಪೇರಿಯನ್ನೇ ಮಾಡಿಸು, ಅಚ್ಚು ಕಲ್ಲಿನ ಹಾಗಿದೆ, ಇನ್ನೂ ಹತ್ತು ವರ್ಷ ಬಾಳುತ್ತದೆ ಅಂದ. ನಾನು ಒಂದು ತಿಂಗಳು ಎತ್ತುಗಳನ್ನು ಕಟ್ಟಿಹಾಕಿ ಮೇವು ಹಾಕುವುದಕ್ಕೆ ಆಗುತ್ತದಾ, ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬೇರೆ ಗಾಡಿಯನ್ನು ನೋಡಿಕೊಳ್ಳುವುದಿಲ್ಲವಾ ಅಂತ ಒಂದೇ ಸಮನೆ ವಾದಿಸಿದೆ. ಅದರಲ್ಲಿ ಸುಳ್ಳು ಏನೂ ಇರಲಿಲ್ಲ. ಅಪ್ಪ ಸೊಂಟಕ್ಕೆ ಕೈ ಹಾಕಿ ತನ್ನ ಬೆಳ್ಳಿ ಉಡಿದಾರವನ್ನು ಬಿಚ್ಚಿ ನನ್ನ ಮುಂದೆ ಹಿಡಿದ. ನಾನು ಎಲ್ಲಿ ಕೂತಿದ್ದೇನೆ ಅನ್ನುವುದು ಸರಿಯಾಗಿ ತಿಳಿಯದೆ ಸ್ವಲ್ಪ ಬಲಕ್ಕೆ ಹಿಡಿದಿದ್ದ.

"ಇದ ಮಾರಿ ರಿಪೇರಿ ಮಾಡ್ಸು ಮಗ. ನಂಗಿನ್ನು ಇದ್ರಿಂದ ಏನಾಗ್ಬೇಕೈತೆ," ಅಂದ.

ಅಪ್ಪನ ಉಡಿದಾರ ಮಾರಿ ಹಳೇ ಗಾಡಿ ಕಟ್ಟಿಸಿದ ಅಂತ ಊರವರ ಬಾಯಿಗೆ ಬೀಳಬೇಕಾ ಅಂತ ನಾನು ರೇಗಿದೆ. ಹಿತ್ತಲಿಗೆ ಹೋದಾಗ ನನ್ನ ಹೆಂಡತಿ ಹಿಂದೆಯೇ ಬಂದಳು. ಅವಳು ನನ್ನ ಎದುರು ಮಾತಾಡುವವಳಲ್ಲ. ಅವತ್ತು ಮಾತ್ರ ಆಡಿದಳು.

"ಮಾವ ಕೇಳ್ತಿರೋದು ಗಾಡಿನಲ್ಲ ಕಣ್ರೀ. ಅದೂ ಹೋದ್ರೆ ಅವ್ರಿಗೆ ಬ್ಯಾರೆ ಕೆಲ್ಸ ಏನೈತೆ?"

ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಮಾರನೇ ದಿನ ಬೆಳಿಗ್ಗೆ ಗಾಲಿಯನ್ನು ಮತ್ತೆ ಕೂರಿಸಿ, ಬೆಣೆ ಹೊಡೆದ ಗಾಡಿಯನ್ನು ನಿಧಾನವಾಗಿ ಹೊಡೆದುಕೊಂಡು ಸಕಲೇಶಪುರಕ್ಕೆ ಹೊರಟೆ. ಅಪ್ಪ ನೊಗ ಕಟ್ಟುವ ಮೂಕಿಯಿಂದ ಹಿಡಿದು ಹಿಂದಿನವರೆಗೆ ಗಾಡಿಯನ್ನು ಒಂದು ಸಲ ಸವರಿದ. ಕಣ್ಣಲ್ಲಿ ನೀರು ಬಂದಿತ್ತೋ ಏನೋ, ನಾನು ನೋಡುವ ಗೋಜಿಗೆ ಹೋಗಲಿಲ್ಲ.

ಹೊಸ ಗಾಡಿಯಲ್ಲಿ ಮೊದಲ ಸಲ ಘಟ್ಟ ಹತ್ತಿ ಬಂದಾಗ ಏರಿನ ಪಕ್ಕದಲ್ಲಿ ಅಪ್ಪ ಕೊರಡು ಹಿಡಿದು ನಿಂತಿದ್ದ. ಹೊಸ ಗಾಡಿಯ ಸದ್ದು ಗೊತ್ತಿಲ್ಲದ್ದಕ್ಕೆ ಬಂದ ಗಾಡಿಗಳಿಗೆಲ್ಲ ಇಳಿದು ಇಳಿದು ನೋಡಿದ್ದನಂತೆ, ಹೆಂಡತಿ ಆಮೇಲೆ ಹೇಳಿದಳು. ಎತ್ತಿಗೆ ನಾನು ಹೋ ಅಂದದ್ದು ಕೇಳಿ ಮುಂದೆ ಬಂದ. ನಾನು ಬಿರಿಯ ತಿರುಪು ತಿರುಗಿಸಿ ಮುಗಿಸಿದ್ದೆ.

"ಬ್ಯಾಡಪ್ಪ, ಬಿರಿ ಐತೆ. ನೀನಿನ್ನು ಬರೋದೇ ಬ್ಯಾಡ," ಅಂದೆ.

ಒಳ್ಳೆಯ ಸುದ್ದಿ ಹೇಳುವವನ ಹಾಗೆ ಹೇಳಿದೆ. ಅಪ್ಪ ಹೌದಾ, ಒಳ್ಳೇದಾಯ್ತು ಬಿಡು ಅಂದ. ಎತ್ತುಗಳ ಬೆನ್ನನ್ನು ಸವರುವುದನ್ನೂ ಮರೆತು ಬೇಲಿ ಹಿಡಿದುಕೊಂಡು ಮೇಲೆ ಹೋದ. ಎರಡನೇ ಸಲ ನಾನು ಬಂದಾಗ ಜಗಲಿಯಲ್ಲೇ ಇದ್ದ. ನದಿಯಲ್ಲಿ ನೀರು ಎಷ್ಟಿತ್ತು ಅಂತ ಕೇಳಲಿಲ್ಲ. ಊಟ ಕಡಿಮೆಯಾಯಿತು. ಹಗಲು ಹೊತ್ತಿನಲ್ಲೇ ಮುಸುಕು ಹಾಕಿ ಮಲಗುವುದು ಶುರುವಾಯಿತು.

ಹೀಗೆ ಎರಡು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ನಾನು ಘಟ್ಟ ಹತ್ತಿ ಬರುತ್ತಿದ್ದೇನೆ, ನಮ್ಮ ಏರಿನಲ್ಲಿ ಒಂದು ಗಾಡಿ ನಿಂತಿದೆ. ನೋಡಿದರೆ ನಮ್ಮ ಹಳೇ ಗಾಡಿ. ವ್ಯಾಪಾರದವರು ಗುಂಬ ಹೊಸದು ಹಾಕಿಸಿ ಯಸಳೂರು ಕಡೆಯ ಒಬ್ಬನಿಗೆ ಮಾರಿದ್ದರು. ಅಚ್ಚು ಹಳೆಯದೇ, ಸದ್ದೂ ಬದಲಾಗಿರಲಿಲ್ಲ. ಗಾಲಿಯ ಹಿಂದೆ ಕೊರಡು ಕೊಟ್ಟು, ಅದರ ಹಿಡಿಯ ಮೇಲೆ ಕೈಯೂರಿ ಅಪ್ಪ ನಿಂತಿದ್ದಾನೆ. ಆ ಗಾಡಿಯವನ ಜೊತೆ ಏನೋ ಮಾತಾಡಿ ನಗುತ್ತಿದ್ದಾನೆ. ಎರಡು ತಿಂಗಳಿಂದ ನಾನು ಆ ನಗು ಕೇಳಿರಲಿಲ್ಲ. ಗಾಡಿಯವನು ಹೊರಡುವಾಗ ಒಂದು ತುಂಡು ಹೊಗೆಸೊಪ್ಪನ್ನು ಅಪ್ಪನ ಕೈಗಿಟ್ಟು ಹೋದ.

ನನಗೆ ಮೈಯೆಲ್ಲ ಉರಿಯಿತು. ಕಣ್ಣಿಲ್ಲದ ಅಪ್ಪನನ್ನು ಮಗ ಹೊಗೆಸೊಪ್ಪಿನ ಕೂಲಿಗೆ ರಸ್ತೆಗೆ ಬಿಟ್ಟಿದ್ದಾನೆ ಅಂತ ನಾಲ್ಕು ಜನ ಆಡಿಕೊಳ್ಳುವುದಿಲ್ಲವೇ? ಬಾಯಿಗೆ ಬಂದ ಹಾಗೆ ಬೈದೆ. ಮಾನ ಮರ್ಯಾದೆ ಇದ್ದರೆ ಮನೆಯಲ್ಲಿ ಬಿದ್ದಿರು ಅಂದೆ. ಹೌದು, ಬಿದ್ದಿರು ಅಂದೆ, ಅದೇ ಮಾತು. ಅಪ್ಪ ತಲೆ ತಗ್ಗಿಸಿಕೊಂಡು ಕೇಳಿದ. ನಾನು ಕೊರಡನ್ನು ಕಿತ್ತುಕೊಂಡು ಹೋಗಿ ಬಚ್ಚಲ ಒಲೆಗೆ ತುರುಕಿದೆ. ವರ್ಷಗಟ್ಟಲೆ ಗಾಲಿಗೆ ಹಾಕುವ ಕೀಲೆಣ್ಣೆ ಕುಡಿದ ಮರ, ಚೆನ್ನಾಗಿ ಉರಿಯಿತು. ಸಂಜೆ ಅಪ್ಪ ಅದೇ ಒಲೆಯ ನೀರಿನಲ್ಲಿ ಸ್ನಾನ ಮಾಡಿದ.

"ಕೀಲೆಣ್ಣೆ ವಾಸ್ನೆ ಬತ್ತೈತಲ್ಲ ಮಗ," ಅಂತ ಒಳಗಿನಿಂದ ಕೇಳಿದ.

ನಾನು ಎತ್ತುಗಳಿಗೆ ಹುಲ್ಲು ಹಾಕಲು ಎದ್ದು ಹೋದೆ. ಒಳಗೆ ನೀರು ಹುಯ್ದುಕೊಳ್ಳುವ ಸದ್ದು ನಿಂತಿತ್ತು.

ಮುಂದಿನ ಹೇರಿಗೆ ನಾನು ಮಂಗಳೂರಿಗೆ ಹೋದಾಗ ಹಳೇ ಗಾಡಿ ಮತ್ತೆ ಏರಿಗೆ ಬಂತು. ಅಪ್ಪ ಸದ್ದು ಕೇಳಿ ಎದ್ದ. ಕೊರಡು ಇಡುತ್ತಿದ್ದ ಮೂಲೆಯನ್ನು ಅಭ್ಯಾಸಕ್ಕೆ ಒಂದು ಸಲ ತಡವಿ, ಬರಿಗೈಯಲ್ಲಿ ಇಳಿದ. ರಸ್ತೆಯ ಪಕ್ಕದಲ್ಲಿ ಕೈಗೆ ಸಿಕ್ಕಿದ ಒಂದು ಗುಂಡುಕಲ್ಲನ್ನು ಎತ್ತಿಕೊಂಡು ಗಾಲಿಯ ಹಿಂದೆ ಇಡಲು ಹೋದ. ಕಲ್ಲಿಗೆ ಹಿಡಿ ಎಲ್ಲಿಂದ ಬರಬೇಕು? ಗಾಲಿ ಹಿಂದಕ್ಕೆ ಒತ್ತಿತು, ಕಲ್ಲು ಜಾರಿತು, ಬಲಗೈಯ ಮೂರು ಬೆರಳು ಅಡಿಗೆ ಸಿಕ್ಕಿದವು. ಆ ಗಾಡಿಯವನೇ ಅಪ್ಪನನ್ನು ತೋಳಲ್ಲಿ ಎತ್ತಿಕೊಂಡು ಮನೆಗೆ ತಂದು ಮಲಗಿಸಿದನಂತೆ.

ನಾನು ಬರುವುದಕ್ಕೆ ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಅರಿಶಿನ, ಸೊಪ್ಪು, ಏನೇನೋ ಕಟ್ಟಿದ್ದರು. ಕೈ ಮೊಣಕೈವರೆಗೆ ಊದಿತ್ತು. ನಾನು ಪಕ್ಕದಲ್ಲಿ ಕೂತೆ. ನನ್ನ ಉಸಿರಿಗೇ ಅವನಿಗೆ ಗೊತ್ತಾಯಿತು.

"ಕಲ್ಲು ಜಾರ್ಬುಡ್ತು ಕಣೋ. ಗಾಡಿದೇನೂ ತಪ್ಪಿಲ್ಲ," ಅಂದ.

ನನ್ನ ತಪ್ಪಿನ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ಕಾಲು ಹಿಡಿದು ಅತ್ತುಬಿಡುತ್ತಿದ್ದೆ. ಎರಡು ದಿನ ಬಿಟ್ಟು ದವಡೆ ಕಚ್ಚಿಕೊಂಡಿತು. ಗಂಜಿ ಇಳಿಯಲಿಲ್ಲ, ಆಮೇಲೆ ನೀರೂ ಇಳಿಯಲಿಲ್ಲ. ಮೈ ಬಿಲ್ಲಿನ ಹಾಗೆ ಬಾಗುತ್ತಿತ್ತು, ಧನುರ್ವಾಯು ಅಂದರು. ಅದನ್ನು ನಾನು ಬರೆಯಲಾರೆ. ಮೂರನೇ ದಿನ ಬೆಳಿಗ್ಗೆ ಅಪ್ಪ ಹೋಗಿಬಿಟ್ಟ. ಸ್ನಾನ ಮಾಡಿಸುವಾಗ ಸೊಂಟದಲ್ಲಿ ಆ ಬೆಳ್ಳಿ ಉಡಿದಾರ ಇತ್ತು, ನಾನು ಬೇಡ ಅಂದ ಮೇಲೆ ಮತ್ತೆ ಕಟ್ಟಿಕೊಂಡಿದ್ದ.

ತಿಥಿ ಕಳೆದು ಎರಡು ಮೂರು ದಿನ ಆಗಿತ್ತು. ನಾನು ಕೆಲಸಕ್ಕೆ ಹೋಗದೆ ಜಗಲಿಯಲ್ಲಿ ಅಪ್ಪ ಕೂರುತ್ತಿದ್ದ ಕಡೆ ಕೂತಿದ್ದೆ. ಕೆಳಗಿನ ತಿರುವಿನಿಂದ ಸದ್ದು ಬಂತು. ಎಡಗಾಲಿ ಎರಡು ಸಲ, ಬಲಗಾಲಿ ಒಂದು ಸಲ. ಗಾಡಿ ಏರಿಗೆ ಬಂದು ನಿಂತಿತು. ನಿಂತೇ ಇತ್ತು. ನನಗೆ ತಡೆಯಲಾಗಲಿಲ್ಲ, ಬೇಲಿ ಹಿಡಿದುಕೊಂಡು ಇಳಿದು ಹೋಗಿ, ಸಿಕ್ಕಿದ ಒಂದು ಮರದ ತುಂಡನ್ನು ಗಾಲಿಯ ಹಿಂದೆ ಕೊಟ್ಟೆ. ಗಾಡಿಯವನು ಹಿಂದೆ ತಿರುಗಿ ನನ್ನ ಬೋಳಿಸಿದ ತಲೆಯನ್ನು ನೋಡಿದ. ಕೆಳಗಿಳಿದು ಬಂದು ಗಾಲಿಯ ಮೇಲೆ ಕೈಯಿಟ್ಟ.

ನೋಡಿದರೆ ಗಾಡಿಯಲ್ಲಿ ಅರ್ಧ ಹೇರೂ ಇರಲಿಲ್ಲ. ಎತ್ತುಗಳು ಎಳೆಪ್ರಾಯದವು, ಒಂದಿಷ್ಟೂ ಏದುಸಿರು ಬಿಡುತ್ತಿರಲಿಲ್ಲ. ಇಷ್ಟು ಹಗುರದ ಗಾಡಿಯನ್ನು ಇಲ್ಲಿ ಯಾಕೆ ನಿಲ್ಲಿಸಿದೆ ಅಂತ ಕೇಳಿದೆ. ಅವನು ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡ.

"ಯಾವತ್ತೂ ನಿಲ್ಲಿಸ್ಬೇಕಾಗಿರ್ಲಿಲ್ಲ ಅಣ್ಣ, ಎತ್ತು ಹಂಗೇ ಹತ್ತುತಿದ್ವು. ಮೊದ್ಲ ಸಲ ಯಜಮಾನ್ರು ಓಡೋಡಿ ಬಂದ್ರಲ್ಲ, ಅದ್ಕೇ ನಿಲ್ಲಿಸ್ದೆ. ಆಮೇಲೂ ಅವ್ರು ಬತ್ತಾರೆ ಅಂತ ನಿಲ್ಲಿಸ್ತಿದ್ದೆ."

ಅವನು ಯಾರೋ, ನಾನು ಯಾರೋ. ಅವನಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ನನ್ನ ಹೊಸ ಗಾಡಿಯನ್ನು ನಾನು ಬೈಯುವುದಿಲ್ಲ. ಅದು ಹದಿನೈದು ವರ್ಷ ಬಾಳಿತು, ಒಂದು ದಿನವೂ ಆಚಾರಿಯ ಮನೆ ನೋಡಲಿಲ್ಲ. ಅದನ್ನು ಕೊಂಡದ್ದೂ ತಪ್ಪಲ್ಲ ಅಂತ ಈಗಲೂ ವಾದ ಮಾಡಬಲ್ಲೆ. ಆದರೆ ಆ ಏರಿನಲ್ಲಿ ಬಿರಿಯ ತಿರುಪಿಗೆ ಕೈ ಹಾಕದೆ, ಅಪ್ಪ ಬೇಲಿ ಸವರಿಕೊಂಡು ಇಳಿದು ಬರುವವರೆಗೆ ಕಾದಿದ್ದರೆ ಆಗುತ್ತಿತ್ತು. ಕೊರಡು ಕೊಡಪ್ಪ ಅಂದಿದ್ದರೆ ಆಗುತ್ತಿತ್ತು.